ಕಾರು ಎಲ್ಲಿ ನಿಲ್ಲಿಸಬೇಕು, ಯಾವಾಗ ನಿಲ್ಲಿಸಬೇಕು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕಾರು ಓಡಿಸುವವರು. ಓಡಿಸುವುದನ್ನು ನಮಗೆಲ್ಲ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಕಲಿಸಿದ್ದಾರೆ. ಯಾವಾಗ ಓಡಿಸಬಾರದು ಅನ್ನುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ನಾನು ಇವತ್ತು ಮಾತಾಡುವುದು ಅದರ ಬಗ್ಗೆ.

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಮನೆಗೆ ಬರುತ್ತಿದ್ದೆ. ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಮನೆ ಇನ್ನು 6 ಕಿಲೋಮೀಟರ್. ಇನ್ನೊಂಚೂರು ತಾನೇ, ಹೋಗಿಬಿಡೋಣ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ನನಗೆ ಸಮಾಧಾನವಾಯಿತು. ಮನೆಯನ್ನೂ ಮುಟ್ಟಿದೆ. ಮರುದಿನ ಬಿಚ್ಚಿ ನೋಡಿದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗಿತ್ತು, ಅದರಡಿ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ಸುಟ್ಟಿತ್ತು. ಇಷ್ಟಕ್ಕೆಲ್ಲ ಕಾರಣ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹರಿಯುವ ಒಂದು ರಬ್ಬರ್ ಹೋಸ್ ಸೀಳಿಹೋದದ್ದು. ಆ ಹೋಸ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ನಾನು ನಿಲ್ಲಿಸದೆ ಓಡಿಸಿದ್ದಕ್ಕೆ ಅದು ವಾರಗಟ್ಟಲೆ ಕೆಲಸವಾಯಿತು.

ಮುಳ್ಳು ಯಾಕೆ ಇಳಿಯಿತು ಗೊತ್ತಾ? ಎಂಜಿನ್ ತಣ್ಣಗಾಗಿ ಅಲ್ಲ. ಬಿಸಿ ಅಳೆಯುವ ಸೆನ್ಸರ್ ಕೂಲೆಂಟ್‌ನಲ್ಲಿ ಮುಳುಗಿರಬೇಕು. ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನೇತಾಡುತ್ತದೆ. ಆಗ ಅದು ತೋರಿಸುವುದು ಸುಳ್ಳು ಲೆಕ್ಕ. ಹಾಗಾಗಿ ಒಮ್ಮೆ ಮೇಲೇರಿದ ಮುಳ್ಳು ಸುಮ್ನೆ ಕೆಳಗೆ ಬಂದರೆ ಇನ್ನೂ ಜಾಸ್ತಿ ಭಯಪಡಿ.

ಎಂಜಿನ್ ಬಿಸಿಯಾಗುತ್ತಿದೆ ಅನ್ನಿಸಿದ ತಕ್ಷಣ ಏಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಸೆಕೆಯಲ್ಲಿ ಹೀಟರಾ ಅನ್ನಬೇಡಿ. ಕೂಲೆಂಟಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ ರೇಡಿಯೇಟರ್; ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊರಗೆ ಎಳೆಯುತ್ತದೆ. ಇದು ಸುರಕ್ಷಿತ ಜಾಗ ಸಿಗುವವರೆಗೆ ಮಾತ್ರ, ಮನೆವರೆಗೆ ಅಲ್ಲ. ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ಆಮೇಲೆ ರೇಡಿಯೇಟರ್ ಮುಚ್ಚಳದ ಹತ್ತಿರ ಕೈ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಮುಚ್ಚಳದೊಳಗೆ ಒತ್ತಡವಿದೆ, ಥೇಟ್ ಪ್ರೆಶರ್ ಕುಕ್ಕರ್ ಥರ. ಒತ್ತಡ ಇರುವುದರಿಂದ ಕೂಲೆಂಟ್ 100 ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದಿರೋ, ಒತ್ತಡ ಹೋಗಿ ಎಲ್ಲವೂ ಒಂದೇ ಕ್ಷಣಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆಯೆಂದರೂ ಅರ್ಧ ಗಂಟೆ ಕಾಯಿರಿ. ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆಗೆಯಿರಿ. ಕೂಲೆಂಟ್ ಇಲ್ಲದಿದ್ದರೆ ಶುದ್ಧ ನೀರು ಹಾಕಿದರೂ ಆ ಹೊತ್ತಿಗೆ ಆಗುತ್ತದೆ. ಕಾದ ಎಂಜಿನ್ನಿಗೆ ಮಾತ್ರ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಡ್ಯಾಶ್‌ಬೋರ್ಡಿನ ದೀಪಗಳಲ್ಲೂ ಇದೇ ಲೆಕ್ಕ. ಹಳದಿ ದೀಪ ಬಂದರೆ ಬೇಗ ತೋರಿಸಿ. ಕೆಂಪು ಬಂದರೆ ನಿಲ್ಲಿಸಿ. ಅದರಲ್ಲೂ ಎಣ್ಣೆ ಡಬ್ಬಿ ಆಕಾರದ ಕೆಂಪು ದೀಪ. ಎಣ್ಣೆ ಸ್ವಲ್ಪ ಕಡಿಮೆಯಾಗಿದೆ, ನಾಳೆ ಹಾಕಿಸಿದರಾಯಿತು ಅಂತ ಹಲವರು ಅಂದುಕೊಳ್ಳುತ್ತಾರೆ. ಆ ದೀಪ ಹೇಳುವುದು ಎಣ್ಣೆಯ ಒತ್ತಡದ ಬಗ್ಗೆ. ಎಂಜಿನ್ನಿನೊಳಗೆ ತಿರುಗುವ ಲೋಹಗಳ ನಡುವೆ ಇರುವುದು ಎಣ್ಣೆಯ ತೆಳ್ಳಗಿನ ಒಂದು ಪದರ. ಒತ್ತಡ ಬಿದ್ದರೆ ಆ ಪದರ ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಎಂಜಿನ್ ಹಾಳಾಗಲು ಕೆಲವೇ ನಿಮಿಷ ಸಾಕು.

ಇದನ್ನು ತಡೆಯಲು ಬೇಕಾಗಿರುವುದು ಒಂದು ಹಳೇ ಬಟ್ಟೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಹೆಚ್ಚಿನ ಕಾರುಗಳಲ್ಲಿ ಆ ಎರಡು ಗುರುತುಗಳ ಅಂತರ ಸುಮಾರು 1 ಲೀಟರ್. ಎಣ್ಣೆ ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಮಾತ್ರ ಕೂಲೆಂಟ್ ಸೇರಿರಬಹುದು. ಆಗ ಸ್ಟಾರ್ಟ್ ಮಾಡಬೇಡಿ.

ಈಗ ಎಲ್ಲಿ ನಿಲ್ಲಿಸಬೇಕು ಅನ್ನುವ ವಿಷಯ. ರಸ್ತೆಯಲ್ಲಿ ಕೆಟ್ಟು ನಿಂತ ಕಾರಿಗಿಂತ ಹಿಂದಿನಿಂದ ಬರುವ ಗಾಡಿಗಳು ಅಪಾಯ. ತಿರುವಿನಲ್ಲಿ ನಿಲ್ಲಿಸಬೇಡಿ, ಏರು ಮುಗಿಯುವ ಕಡೆ ನಿಲ್ಲಿಸಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ. ಗಾಡಿಗಳು ಹೋಗದ ಬದಿಯ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ, ರಸ್ತೆಯಿಂದ ದೂರ ಕಳಿಸಿ. ಮಳೆ ಬರುತ್ತಿದೆ ಅಂತ ಮಕ್ಕಳನ್ನು ಕಾರಿನೊಳಗೇ ಕೂರಿಸಬೇಡಿ. ನೆನೆದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೇ ಅಲ್ವಾ? ಕಾರಿನ ಮುಂದೆಯೂ ನಿಲ್ಲಬೇಡಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಅದು ಮುಂದಕ್ಕೇ ನುಗ್ಗುತ್ತದೆ. ಹಿಂದೆ ನಿಂತರೆ ದೀಪಗಳಿಗೆ ನೀವೇ ಅಡ್ಡ. ಎಚ್ಚರಿಕೆಯ ತ್ರಿಕೋನವನ್ನು ಕಾರಿನಿಂದ ಸಾಕಷ್ಟು ಹಿಂದೆ ಇಡಿ. ತಿರುವಿದ್ದರೆ ಬರುವವರಿಗೆ ತಿರುವಿಗೂ ಮೊದಲೇ ಕಾಣುವ ಹಾಗೆ ಇಡಿ. ಅದನ್ನು ಇಡಲು ನಡೆದು ಹೋಗುವುದೇ ಅಪಾಯ ಅನ್ನಿಸಿದರೆ ಬಿಟ್ಟುಬಿಡಿ, ಮೊದಲು ನೀವು ದೂರ ಸರಿಯಿರಿ.

ಓಡುತ್ತಿರುವಾಗಲೇ ಟೈರ್ ಒಡೆದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಅದನ್ನು ತಡೆಯಬೇಕು. ಸ್ಟಿಯರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ, ನೇರವಾಗಿ ಹಿಡಿಯಿರಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ವೇಗ ತಾನಾಗಿ ಇಳಿದ ಮೇಲೆ ಬದಿಗೆ ಬನ್ನಿ.

ಟೈರುಗಳು ಸುಮ್ನೆ ಒಡೆಯುವುದು ಅಪರೂಪ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗಿ ತುಂಡಾಗುವುದಿಲ್ಲವೇ, ಹಾಗೆ. ಎಷ್ಟು ಗಾಳಿ ಬೇಕು ಅಂತ ಟೈರಿನ ಮೇಲೆ ಹುಡುಕಬೇಡಿ. ಅಲ್ಲಿರುವುದು ಆ ಟೈರು ತಡೆಯುವ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಬೇಕಾದದ್ದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಪಟ್ಟಿಯಲ್ಲಿ ಅಂಟಿಸಿರುತ್ತದೆ. ಟೈರು ತಣ್ಣಗಿರುವಾಗ ಅಳೆಯಿರಿ. ಟೈರಿನ ಮೇಲೆ ಡಾಟ್ (DOT) ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3521 ಅಂತಿದ್ದರೆ ಅದು 2021ರ 35ನೇ ವಾರ ತಯಾರಾದದ್ದು. ರಬ್ಬರಿಗೂ ವಯಸ್ಸಾಗುತ್ತದೆ, ಓಡದೆ ಡಿಕ್ಕಿಯಲ್ಲೇ ಮಲಗಿರುವ ಸ್ಟೆಪ್ನಿಗೂ ಆಗುತ್ತದೆ.

ಸ್ಟೆಪ್ನಿ ಅಂದೆ. ಈ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅದು ಮೂಲದಲ್ಲಿ ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಲ್ಲಿ ಅನ್ನುವ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಸಹೋದರರು ಈ ಹೆಚ್ಚುವರಿ ಚಕ್ರವನ್ನು ತಯಾರಿಸಿದರು. ಆಗಿನ ಕಾರುಗಳಲ್ಲಿ ಇನ್ನೊಂದು ಚಕ್ರವೇ ಇರುತ್ತಿರಲಿಲ್ಲ. ಪಂಚರ್ ಆದರೆ ದಾರಿಯಲ್ಲೇ ಕೂತು ಪ್ಯಾಚ್ ಹಾಕಬೇಕಿತ್ತು. ಒಂದು ನೂರು ವರ್ಷದ ಮೇಲೂ ಆ ಬೀದಿ ನಮ್ಮ ಮಾತಿನಲ್ಲಿ ಉಳಿದಿದೆ ಅನ್ನುವುದು ನನಗೆ ತುಂಬಾ ಇಷ್ಟ.

ಸ್ಟೆಪ್ನಿ ಹಾಕುವಾಗ ಒಂದು ತಪ್ಪನ್ನು ಹೆಚ್ಚಿನವರು ಮಾಡುತ್ತಾರೆ. ಮೊದಲು ಜಾಕ್ ಏರಿಸಿ ಆಮೇಲೆ ನಟ್ ಸಡಿಲಿಸಲು ಹೋಗುತ್ತಾರೆ. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಕಾರು ಜಾಕಿನಿಂದ ಜಾರುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕರ್ಣದ ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟಿರಿ. ಜಾಕ್ ಇಡುವ ಜಾಗವನ್ನು ಕಾರಿನ ಪುಸ್ತಕದಲ್ಲೇ ತೋರಿಸಿರುತ್ತಾರೆ. ಜಾಕಿನ ಮೇಲಿರುವ ಕಾರಿನ ಅಡಿಗೆ ಕೈಯನ್ನೂ ತೂರಿಸಬೇಡಿ. ನಟ್ ಬಿಗಿಸುವಾಗ ಎದುರುಬದುರು ಬಿಗಿಸಿ. ಕಾರು ಇಳಿಸಿದ ಮೇಲೆ ಇನ್ನೊಮ್ಮೆ ಗಟ್ಟಿ ಮಾಡಿ. ಸುಮಾರು 50 ಕಿಲೋಮೀಟರ್ ಹೋದ ಮೇಲೆ ಮತ್ತೊಮ್ಮೆ ನೋಡಿ. ಸ್ಟೆಪ್ನಿ ಸಣ್ಣ ಗಾತ್ರದ್ದಾಗಿದ್ದರೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ. ಅದರ ಮೇಲೇ ಬರೆದಿರುತ್ತದೆ.

ಬ್ಯಾಟರಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೇರೆ ಕಾರಿನಿಂದ ಕೇಬಲ್ ಹಾಕುವಾಗ ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಅದರಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿ. ಕೊನೆಯ ಕ್ಲಿಪ್ ತಾಗಿದಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು. ಬಿಚ್ಚುವಾಗ ಹಾಕಿದ್ದಕ್ಕೆ ಉಲ್ಟಾ ಕ್ರಮ. ಎಲೆಕ್ಟ್ರಿಕ್ ಕಾರಿನವರೂ ಕೇಳಿಸಿಕೊಳ್ಳಿ, ನಿಮ್ಮಲ್ಲೂ ಸಾಮಾನ್ಯವಾಗಿ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳದೆ ಹೋಗಬಹುದು.

ಮಾತು ಇಷ್ಟು ಸಾಕು. ಹೊರಗೆ ನನ್ನ ಕಾರು ನಿಂತಿದೆ. ಜಾಕ್, ಸ್ಪ್ಯಾನರ್, ಸ್ಟೆಪ್ನಿ ತೆಗೆದಿಟ್ಟಿದ್ದೇನೆ. ಈವರೆಗೆ ಒಮ್ಮೆಯೂ ಚಕ್ರ ಬಿಚ್ಚದವರು ಮೊದಲು ಬನ್ನಿ, ನಟ್ ನೀವೇ ಸಡಿಲಿಸಿ.