ರಂಪಣಿಯ ಪಾಲೂ ಮೈನಿಂಗ್ ಪೂಲಿನ ಪಾಲೂ

ಹಿರಿಯರೇ, ಸ್ನೇಹಿತರೇ, ವಿದ್ಯಾರ್ಥಿಗಳೇ,

ಕಳೆದ ಮಳೆಗಾಲದಲ್ಲಿ ಕೋಡಿಬಾಗದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, "ಸರ್, ಬಿಟ್‌ಕಾಯಿನ್ ಮೈನಿಂಗ್ ಮಷಿನ್ ತೆಗೆದುಕೊಳ್ಳಬೇಕೆಂದಿದ್ದೇನೆ. ಆಯಿಯ ಬಂಗಾರ ಬ್ಯಾಂಕಿನಲ್ಲಿಟ್ಟರೆ ದುಡ್ಡು ಹೊಂದುತ್ತದೆ. ಹಲವರು ಕೂಡಿ ದುಡಿಯುವ ಪೂಲಿಗೆ ಸೇರಿದರೆ ದಿನಾ ದುಡಿಮೆ ಇರುತ್ತದಂತೆ, ಹೌದೇ?" ಎಂದು ಕೇಳಿದ. ಅಂದು ಅವನೊಡನೆ ಕೂತು ಹಾಕಿದ ಲೆಕ್ಕವನ್ನೇ ಇಂದು ಇಲ್ಲಿ ಬಿಡಿಸಿ ಹೇಳುತ್ತೇನೆ. ಅದೇ ಆಸೆ ಹೊತ್ತ ಮಕ್ಕಳು ಈ ಊರಿನಲ್ಲಿ ಇನ್ನೂ ಇದ್ದಾರೆಂದು ಬಲ್ಲೆ.

ಬಿಟ್‌ಕಾಯಿನ್ನಿನ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಹೊಸ ಬ್ಲಾಕ್, ಅಂದರೆ ವ್ಯವಹಾರಗಳನ್ನು ದಾಖಲಿಸಿದ ಒಂದು ಪುಟ, ಸೇರುತ್ತದೆ. ಅದನ್ನು ಸೇರಿಸುವ ಹಕ್ಕಿಗಾಗಿ ಲೋಕದಾದ್ಯಂತ ಯಂತ್ರಗಳು ಒಂದು ಸಂಖ್ಯೆಯನ್ನು ಬದಲಿಸಿ ಬದಲಿಸಿ ಹ್ಯಾಶ್ ಲೆಕ್ಕ ಮಾಡುತ್ತಿರುತ್ತವೆ. ಇದೇ ಮೈನಿಂಗ್. ಹ್ಯಾಶ್ ಎಂದರೆ ಕೊಟ್ಟ ಮಾಹಿತಿಯಿಂದ ಹುಟ್ಟುವ, ಮೊದಲೇ ಊಹಿಸಲಾಗದ ಒಂದು ದೊಡ್ಡ ಸಂಖ್ಯೆ. ಜಾಲವು ಗೊತ್ತುಪಡಿಸಿದ ಗುರಿಗಿಂತ ಚಿಕ್ಕದಾದ ಹ್ಯಾಶ್ ಯಾರಿಗೆ ಮೊದಲು ಸಿಗುತ್ತದೆಯೋ ಅವರಿಗೆ ಬಹುಮಾನ. 2009ರಲ್ಲಿ 50 ಬಿಟ್‌ಕಾಯಿನ್ ಇದ್ದ ಈ ಬಹುಮಾನ ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಇಲ್ಲಿ ಜಾಣತನದಿಂದ ಏನೂ ನಡೆಯದು. ಎಷ್ಟು ಬಾರಿ ಪ್ರಯತ್ನಿಸಿದೆವು ಎಂಬುದಷ್ಟೇ ಲೆಕ್ಕ.

ಸೆಕೆಂಡಿಗೆ 200 ಟೆರಾಹ್ಯಾಶ್, ಅಂದರೆ 200 ಲಕ್ಷ ಕೋಟಿ ಹ್ಯಾಶ್, ಮಾಡುವ ಒಳ್ಳೆಯ ಯಂತ್ರವೊಂದು ನಿಮ್ಮಲ್ಲಿದೆ ಎನ್ನೋಣ. ಇಡೀ ಜಾಲದ ಬಲವನ್ನು 1,000 ಎಕ್ಸಾಹ್ಯಾಶ್ (ಒಂದು ಎಕ್ಸಾ ಎಂದರೆ ಹತ್ತು ಲಕ್ಷ ಟೆರಾ) ಎಂದು ಹಿಡಿದರೆ ಅದು ನಿಮ್ಮ ಯಂತ್ರದ 50 ಲಕ್ಷ ಪಟ್ಟು. ಅಂದರೆ 50 ಲಕ್ಷ ಬ್ಲಾಕಿಗೊಂದು ನಿಮ್ಮದು. ಹತ್ತು ನಿಮಿಷಕ್ಕೊಂದರಂತೆ ಎಣಿಸಿದರೆ ಸುಮಾರು 95 ವರ್ಷ. ನಾಳೆ ಬೆಳಿಗ್ಗೆಯೇ ಸಿಗಬಹುದು, ಮೊಮ್ಮಕ್ಕಳ ಕಾಲಕ್ಕೂ ಸಿಗದೇ ಹೋಗಬಹುದು. ಒಬ್ಬಂಟಿಯ ಈ ಕಾಯುವಿಕೆಯನ್ನು ತಪ್ಪಿಸುವುದಕ್ಕೆಂದೇ ಜೆಕ್ ದೇಶದ ಮಾರೆಕ್ ಪಲಾಟಿನಸ್ 2010ರ ಕೊನೆಯಲ್ಲಿ ಮೊದಲ ಪೂಲನ್ನು ಕಟ್ಟಿದರು.

ಪೂಲ್ ಎಂದರೇನೆಂದು ಕಾರವಾರದವರಿಗೆ ವಿವರಿಸುವುದು ಕಷ್ಟವಲ್ಲ, ಏಕೆಂದರೆ ನಾವು ರಂಪಣಿಯನ್ನು ಕಂಡವರು. ದೋಣಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡದ ಮೇಲೆ ಎಳೆಯುತ್ತಾರೆ. ಬಂಗಡೆ ಬಿದ್ದರೆ ಬಲೆಯವರಿಗೂ ಎಳೆದವರಿಗೂ ಪಾಲು. ಯಾರ ಕೈ ಹಿಡಿದ ಭಾಗದಲ್ಲಿ ಮೀನು ಹೆಚ್ಚು ಸಿಕ್ಕಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಪೂಲಿನ ನ್ಯಾಯವೂ ಇದೇ.

ದಡದಲ್ಲಾದರೆ ಎಳೆಯುವವನು ಕಣ್ಣಿಗೆ ಕಾಣುತ್ತಾನೆ. ಸಾವಿರಾರು ಮೈಲಿ ದೂರದ ನಿಮ್ಮ ಯಂತ್ರ ನಿಜವಾಗಿ ದುಡಿಯಿತೆಂದು ಪೂಲಿಗೆ ತಿಳಿಯುವುದು ಹೇಗೆ? ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದರ ಉತ್ತರ. ಜಾಲದ ಕಠಿಣ ಗುರಿಯ ಜೊತೆಗೆ ಪೂಲು ನಿಮಗೆಂದು ಒಂದು ಸುಲಭದ ಗುರಿಯನ್ನೂ ಕೊಡುತ್ತದೆ. ಆ ಸುಲಭದ ಗುರಿ ಮುಟ್ಟಿದ ಪ್ರತಿ ಹ್ಯಾಶನ್ನೂ ನಿಮ್ಮ ಯಂತ್ರ ಪೂಲಿಗೆ ಕಳಿಸುತ್ತದೆ. ಅದಕ್ಕೆ ಶೇರ್ ಎನ್ನುತ್ತಾರೆ. ಶೇರಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ, ಆದರೆ ದುಡಿಯದೆ ಅದು ಹುಟ್ಟುವುದಿಲ್ಲ; ಆದ್ದರಿಂದ ಅದೇ ಹಾಜರಿ. ಇನ್ನು, ನಿಜವಾದ ಬ್ಲಾಕ್ ಸಿಕ್ಕಾಗ ಅದನ್ನು ಗುಟ್ಟಾಗಿ ತನ್ನದಾಗಿಸಿಕೊಳ್ಳಲು ಸದಸ್ಯನಿಗೆ ಆಗದು. ಬಹುಮಾನ ಸೇರಬೇಕಾದ ಪೂಲಿನ ವಿಳಾಸವನ್ನೂ ಒಳಗೊಂಡೇ ಹ್ಯಾಶ್ ಲೆಕ್ಕವಾಗಿರುತ್ತದೆ. ವಿಳಾಸ ಬದಲಿಸಿದರೆ ಹ್ಯಾಶೇ ಬದಲಾಗಿ, ಸಿಕ್ಕ ಉತ್ತರ ವ್ಯರ್ಥವಾಗುತ್ತದೆ.

ಸೇರುವ ಮೊದಲು ಓದಬೇಕಾದದ್ದು ಪೂಲಿನ ಪಾವತಿ ಪದ್ಧತಿ. ಪಿಪಿಎಸ್ (ಪೇ ಪರ್ ಶೇರ್) ಎಂಬುದು ದಿನಗೂಲಿಯಂತೆ: ಪೂಲಿಗೆ ಬ್ಲಾಕ್ ಸಿಗಲಿ ಬಿಡಲಿ, ಒಪ್ಪಿತವಾದ ಪ್ರತಿ ಶೇರಿಗೂ ಗೊತ್ತಾದ ಹಣ, ನಷ್ಟದ ಭಯ ನಡೆಸುವವರದ್ದಾದ್ದರಿಂದ ಶುಲ್ಕ ಸಾಮಾನ್ಯವಾಗಿ ಹೆಚ್ಚು. ಪಿಪಿಎಲ್‌ಎನ್‌ಎಸ್ (ಪೇ ಪರ್ ಲಾಸ್ಟ್ ಎನ್ ಶೇರ್ಸ್) ಎಂಬುದು ರಂಪಣಿಯ ಪಾಲಿನಂತೆ: ಬ್ಲಾಕ್ ಸಿಕ್ಕಾಗ ಮಾತ್ರ, ಅದರ ಹಿಂದಿನ ಇಂತಿಷ್ಟು ಶೇರುಗಳ ಲೆಕ್ಕದಲ್ಲಿ ಹಂಚಿಕೆ. ಬ್ಲಾಕ್ ಸಿಗುವ ಹೊತ್ತಿಗೆ ನಿಮ್ಮ ಶೇರುಗಳು ಆ ಲೆಕ್ಕದಿಂದ ಹೊರಗೆ ಬಿದ್ದಿದ್ದರೆ ಪಾಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುವುದನ್ನು ನೆನೆದರೆ ಹೊಸಬರಿಗೆ ಮೊದಲನೆಯದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕನಿಷ್ಠ ಪಾವತಿಯ ಮಿತಿಯನ್ನೂ ನೋಡಿ. ಆ ಮಿತಿ ಮುಟ್ಟುವವರೆಗೆ ನಿಮ್ಮ ಹಣ ಅವರ ಕೈಯಲ್ಲೇ ಇರುತ್ತದೆ. ಎಲ್ಲರೂ ಸೇರುವ ಅತಿ ದೊಡ್ಡ ಪೂಲನ್ನೇ ಹುಡುಕಬೇಕಾಗಿಲ್ಲ. 2014ರ ಜೂನ್‌ನಲ್ಲಿ ಜಿಹ್ಯಾಶ್ ಎಂಬ ಒಂದೇ ಪೂಲಿನಲ್ಲಿ ಜಾಲದ ಅರ್ಧಕ್ಕಿಂತ ಹೆಚ್ಚು ಬಲ ಕೂಡಿದಾಗ, ಹಾಗೆ ಕೂಡಿದ ಬಲದಿಂದ ವ್ಯವಹಾರಗಳನ್ನೇ ಹಿಂದೆಮುಂದೆ ಮಾಡಬಹುದೆಂಬ ಆತಂಕ ಹುಟ್ಟಿ ಬಹಳ ಜನ ಅದನ್ನು ಬಿಟ್ಟರು.

ಸೇರುವ ಕೆಲಸ ಮಾತ್ರ ಹತ್ತು ನಿಮಿಷದ್ದು. ಯಂತ್ರದಲ್ಲಿ ತುಂಬಬೇಕಾದದ್ದು ಇಷ್ಟೇ: ಪೂಲಿನ ವಿಳಾಸ, ಪೂಲು ತಿಳಿಸುವ ಪೋರ್ಟ್ ಸಂಖ್ಯೆ, ನಿಮ್ಮ ವಾಲೆಟ್ (ನಾಣ್ಯದ ಡಿಜಿಟಲ್ ಕೈಚೀಲ) ವಿಳಾಸ ಅಥವಾ ಖಾತೆಯ ಹೆಸರು, ಅದರ ಮುಂದೆ ಒಂದು ಚುಕ್ಕೆಯಿಟ್ಟು ಯಂತ್ರದ ಹೆಸರು. ಪಾಸ್‌ವರ್ಡ್ ಜಾಗದಲ್ಲಿ ಅನೇಕ ಪೂಲುಗಳಲ್ಲಿ ಏನು ಬರೆದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಕದಿಯುವಂಥದ್ದೇನೂ ಇಲ್ಲ. ಹಣ ಪಡೆಯಲು ವಾಲೆಟ್ಟಿನ ವಿಳಾಸವೊಂದೇ ಸಾಕು. ವಾಲೆಟ್ಟಿನ 12 ಅಥವಾ 24 ಗುಪ್ತ ಪದಗಳನ್ನು ಯಾರಾದರೂ ಕೇಳಿದರೆ, ಎಷ್ಟೇ ನಯವಾಗಿ ಕೇಳಲಿ, ಅವರು ಕಳ್ಳರು. ಯಂತ್ರವೇ ಬೇಡ, ಹಣ ಹಾಕಿ, ತಿಂಗಳಿಗೆ ಶೇಕಡಾ ಹತ್ತು ಖಚಿತ ಎನ್ನುವವರೂ ಅಷ್ಟೇ. ದಿನದಿನಕ್ಕೂ ಬದಲಾಗುವ ದುಡಿಮೆಯಲ್ಲಿ ಖಚಿತ ಲಾಭ ಎಲ್ಲಿಂದ ಬಂದೀತು? ಈಗಾಗಲೇ ಮೋಸಹೋಗಿದ್ದರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಈಗ ಕರೆಂಟಿನ ಮಾತು. ಕೋಡಿಬಾಗದ ಹುಡುಗನ ಮುಖ ಸಪ್ಪಗಾದದ್ದು ಇಲ್ಲೇ. ನಾನು ಹೇಳಿದ ಯಂತ್ರಕ್ಕೆ ಸುಮಾರು 3,500 ವ್ಯಾಟ್ ಬೇಕು. ದಿನಕ್ಕೆ 84 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮೂರನೆಯ ದಿನವೇ ಮುಗಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ದಿನಕ್ಕೆ 588 ರೂಪಾಯಿ. ದಿನಕ್ಕೆ ಹುಟ್ಟುವ 450 ಬಿಟ್‌ಕಾಯಿನ್ನಿನಲ್ಲಿ ಯಂತ್ರದ ಪಾಲು 0.00009. ಭಾಗಿಸಿ ನೋಡಿದರೆ, ಒಂದು ಬಿಟ್‌ಕಾಯಿನ್ನಿನ ಬೆಲೆ ಸುಮಾರು 65 ಲಕ್ಷ ರೂಪಾಯಿಗಿಂತ ಕೆಳಗಿದ್ದಾಗ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಯಂತ್ರದ ಬೆಲೆ, ಪೂಲಿನ ಶುಲ್ಕ, ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಬೋರ್ಡು ಇವೆಲ್ಲ ಬೇರೆ. ಪಕ್ಕದಲ್ಲೇ ಕೈಗಾ, ಕದ್ರಾ ಇವೆಯಲ್ಲ ಎಂದು ಕೇಳುವವರಿದ್ದಾರೆ. ವಿದ್ಯುತ್ತು ಇಲ್ಲಿ ಹುಟ್ಟಿದರೂ ನಮಗೆ ಬರುವುದು ಹೆಸ್ಕಾಂ ದರದಲ್ಲೇ. ಪೂಲಿಗೆ ಸೇರುವುದರಿಂದ ಈ ಲೆಕ್ಕ ಒಂದು ಪೈಸೆಯೂ ಬದಲಾಗದು. ಪೂಲು ಕಾಯುವುದನ್ನು ತಪ್ಪಿಸುತ್ತದೆ, ನಷ್ಟವನ್ನಲ್ಲ.

2022ರ ಏಪ್ರಿಲ್‌ನಿಂದ ಇಂಥ ಡಿಜಿಟಲ್ ಆಸ್ತಿಯನ್ನು ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆಯಿದೆ, ಮೈನಿಂಗ್ ಯಂತ್ರಗಳಿಗೆ ಹಾಕಿದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ ಎಂಬುದನ್ನೂ ಕಿವಿಯಲ್ಲಿ ಹಾಕಿಕೊಂಡಿರಿ.

ಆ ಹುಡುಗನಿಗೆ ನಾನು ಬಂಗಾರ ಮನೆಯಲ್ಲೇ ಇರಲಿ ಎಂದೆ; ಕಲಿಯುವ ಆಸೆಯನ್ನು ಮಾತ್ರ ತಡೆಯಲಿಲ್ಲ. ಮೊನೆರೊ ಎಂಬ ನಾಣ್ಯದ ಜಾಲ 2019ರ ನವೆಂಬರ್‌ನಿಂದ ಸಾಮಾನ್ಯ ಕಂಪ್ಯೂಟರಿಗೆ ಹೊಂದುವ ಲೆಕ್ಕವನ್ನು ಬಳಸುತ್ತಿದೆ. ನನ್ನ ಹಳೆಯ ಡೆಸ್ಕ್‌ಟಾಪನ್ನು ಇಬ್ಬರೂ ಸೇರಿ ಒಂದು ಪೂಲಿಗೆ ಜೋಡಿಸಿದೆವು. ಸ್ವಲ್ಪ ಹೊತ್ತು ಕಪ್ಪು ಪರದೆಯ ಮೇಲೆ ಏನೂ ಇಲ್ಲ; ಆಮೇಲೆ ಹಸಿರು ಅಕ್ಷರದಲ್ಲಿ "ಅಕ್ಸೆಪ್ಟೆಡ್", ಅದರ ಮುಂದೆ 1/0 ಎಂದು ಮೂಡಿತು: ಒಪ್ಪಿತವಾದದ್ದು ಒಂದು, ತಿರಸ್ಕೃತವಾದದ್ದು ಸೊನ್ನೆ. ಅವನು ಕುರ್ಚಿಯಿಂದ ಎದ್ದೇ ನಿಂತ. ಹನ್ನೊಂದು ದಿನ ನಡೆಸಿದೆವು. ಪಾವತಿಯ ಮಿತಿ ಮುಟ್ಟಲಿಲ್ಲ, ಆದರೆ ಶೇರ್, ತಡವಾಗಿ ತಲುಪಿ ತಿರಸ್ಕೃತವಾಗುವ ಶೇರ್, ಪೂಲಿನ ಕಷ್ಟದ ಮಟ್ಟ, ಇವೆಲ್ಲ ಅವನಿಗೆ ಕೈಯಲ್ಲಿ ಹಿಡಿದಷ್ಟು ತಿಳಿದವು.

ಅದೇ ಕಂಪ್ಯೂಟರನ್ನು ಇಂದು ಇಲ್ಲಿಗೆ ತಂದಿದ್ದೇನೆ. ಜೊತೆಗೆ ಕರೆಂಟ್ ಎಷ್ಟು ಎಳೆಯುತ್ತದೆಂದು ತೋರಿಸುವ ಮೀಟರೂ ಇದೆ. ಈಗ ಅದನ್ನು ಪೂಲಿಗೆ ಜೋಡಿಸುತ್ತೇನೆ. ನಾಲ್ಕು ನಾಲ್ಕು ಜನರಾಗಿ ಮುಂದೆ ಬಂದು, ಪರದೆಯನ್ನೂ ಮೀಟರನ್ನೂ ಒಟ್ಟಿಗೇ ನೋಡಿ.