ಕುಂಬಳಕಾಯಿ ಕಳೆದುಕೊಂಡವರ ಹೆಗಲು

ಕೇಳುಗರಿಗೆ ನಮಸ್ಕಾರ.

2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ ಹತ್ತರ ಸುಮಾರಿಗೆ ಮಾಟುಂಗಾದ ನಮ್ಮ ಮನೆಯ ಫ್ಯಾನ್ ನಿಂತಿತು, ಮಗಳ ಆನ್‌ಲೈನ್ ತರಗತಿ ಅರ್ಧಕ್ಕೇ ಕಡಿಯಿತು. ಫ್ಯೂಸ್ ಹೋಗಿರಬೇಕೆಂದು ಮೆಟ್ಟಿಲಿಳಿದೆ. ಕೆಳಗೆ ನೋಡಿದರೆ ಮುಂಬಯಿಗೇ ಕರೆಂಟಿಲ್ಲ. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತಿದ್ದವು.

ನಾಲ್ಕೂವರೆ ತಿಂಗಳ ಮೇಲೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ರೆಕಾರ್ಡೆಡ್ ಫ್ಯೂಚರ್, ಚೀನಾದ ನಂಟಿರುವ ಗುಂಪೊಂದು ನಮ್ಮ ವಿದ್ಯುತ್ ಜಾಲಕ್ಕೆ ಕೈಹಾಕಿದೆ ಎಂದಿತು. ಮುಂಬಯಿಯ ಕತ್ತಲೆಗೆ ಅದೇ ಕಾರಣವೆಂದು ಅದು ಸಾಧಿಸಿ ತೋರಿಸಲಿಲ್ಲ. ರಾಜ್ಯದ ಆಗಿನ ಗೃಹ ಸಚಿವ ಅನಿಲ್ ದೇಶಮುಖ್ ಸೈಬರ್ ಪೊಲೀಸರ ವರದಿ ಹಿಡಿದು, ಇದು ಬುಡಮೇಲು ಕೃತ್ಯವಿರಬಹುದು ಎಂದರು. ಕೇಂದ್ರದ ಆಗಿನ ವಿದ್ಯುತ್ ಸಚಿವ ಆರ್.ಕೆ. ಸಿಂಗ್, ಮನುಷ್ಯರ ತಪ್ಪು ಎಂದರು. ಚೀನಾ ಅಲ್ಲಗಳೆಯಿತು, ಅದರಲ್ಲಿ ಹೊಸದೇನಿಲ್ಲ. ನನ್ನನ್ನು ಕಾಡಿದ್ದು ಬೇರೆ. ಜಾಲದ ನಿಯಂತ್ರಣ ಕೇಂದ್ರಗಳಲ್ಲಿ ಶ್ಯಾಡೋಪ್ಯಾಡ್ ಎಂಬ ಕುತಂತ್ರಾಂಶ, ಅಂದರೆ ಕಂಪ್ಯೂಟರಿಗೆ ಕದ್ದು ನುಗ್ಗುವ ತಂತ್ರಾಂಶ, ಇದೆ ಎಂದು ಕೇಂದ್ರ ಸರ್ಕಾರದ್ದೇ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನವೆಂಬರ್ 19ರಂದೇ ಎಚ್ಚರಿಸಿತ್ತು. ಆ ಮಾತು ಸರ್ಕಾರದ ಬಾಯಿಂದ ಹೊರಬಿದ್ದದ್ದು ವಿದೇಶದವರು ಬರೆದ ಮೇಲೆ.

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಹೆಗಲು ಮುಟ್ಟಿಕೊಳ್ಳುವವರು ಕಾಯಿ ಕಳೆದುಕೊಂಡವರು!

ಕೂಡಂಕುಳಂ ಪ್ರಕರಣವನ್ನೇ ನೋಡಿ. 2019ರ ಅಕ್ಟೋಬರ್ 29ರಂದು ಅಲ್ಲಿನ ಅಣುಸ್ಥಾವರದ ಅಧಿಕಾರಿ, ನಿಯಂತ್ರಣ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ ಎಂದರು. ಮರುದಿನ ಇಲ್ಲೇ ಮುಂಬಯಿಯಲ್ಲಿರುವ ಅಣುಶಕ್ತಿ ನಿಗಮ, ಕುತಂತ್ರಾಂಶ ಸಿಕ್ಕಿದ್ದು ನಿಜ, ಆದರೆ ಆಡಳಿತದ ಕೆಲಸಕ್ಕೆ ಬಳಸುವ ಕಂಪ್ಯೂಟರಿನಲ್ಲಿ ಎಂದಿತು. ಗೊತ್ತಾದದ್ದು ಸೆಪ್ಟೆಂಬರ್ 4ರಂದು! ಎರಡು ಹೇಳಿಕೆಗಳಲ್ಲಿ ಒಂದಾದರೂ ಸುಳ್ಳೇ? ಇಲ್ಲ. ಜನ ಕೇಳಿದ್ದು ಮನೆಗೆ ಕಳ್ಳ ನುಗ್ಗಿದನೇ ಎಂದು, ಮೊದಲ ದಿನ ಬಂದ ಉತ್ತರ ತಿಜೋರಿ ಭದ್ರವಾಗಿದೆ ಎಂದು.

ಯಾವ ಕಿಟಕಿಯ ಚಿಲಕ ಸಡಿಲ ಎಂದು ಸಾರಬಾರದು, ಒಪ್ಪುತ್ತೇನೆ. ಆದರೆ ಸರಿಪಡಿಸಿದ ಮೇಲೂ ಮೌನವೇಕೆ? ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕಂಪನಿಗಳು ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಲ್ಲಿ ಆದೇಶವಾಯಿತು. 2023ರ ನವೆಂಬರಿನಲ್ಲಿ ಆ ಸರ್ಟ್-ಇನ್ ಅನ್ನೇ ಮಾಹಿತಿ ಹಕ್ಕಿನ ವ್ಯಾಪ್ತಿಯಿಂದ ಹೊರಗಿಟ್ಟರು. ಭ್ರಷ್ಟಾಚಾರ, ಮಾನವ ಹಕ್ಕುಗಳ ವಿಷಯವಾದರೆ ಮಾತ್ರ ಕೇಳಬಹುದು.

ಕೈಗಾ ಸ್ಥಾವರವೂ ಅದೇ ನಿಗಮದ್ದು. ಕಾರವಾರದ ನನ್ನ ಅಕ್ಕ ಮೊನ್ನೆ ಫೋನಿನಲ್ಲಿ, "ನಮ್ಮ ಕೈಗಾದಲ್ಲಿ ಅಂಥದ್ದೇನೂ ಆಗಿಲ್ಲ ತಾನೇ?" ಎಂದಳು. "ನೀನು ಕೇಳುತ್ತಿರುವುದು ನಿಯಂತ್ರಣ ವ್ಯವಸ್ಥೆಯ ಬಗ್ಗೆಯೋ, ಆಫೀಸಿನ ಕಂಪ್ಯೂಟರಿನ ಬಗ್ಗೆಯೋ?" ಎಂದು ಕೇಳಿದೆ. ಅಕ್ಕ ಬೈದು ಫೋನಿಟ್ಟಳು.

ನಮಸ್ಕಾರ.