ಮಾತ್ರೆ ಬದಲಿಸುವ ಮೊದಲು ಕಾಫಿಯ ಹೊತ್ತು ಬದಲಿಸಿ

ನಮಸ್ಕಾರ. ಥೈರಾಯ್ಡ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಶಿಕ್ಷೆಯಾಗುವುದು ಎಲೆಕೋಸಿಗೆ. ಪಾಪ, ವಾರಕ್ಕೊಮ್ಮೆ ಮಾಡುವ ಬೇಯಿಸಿದ ಕೋಸಿನ ಪಲ್ಯದಿಂದ ಯಾರ ಟಿಎಸ್‌ಎಚ್ ಕೂಡ 4ರಿಂದ 9ಕ್ಕೆ ಏರುವುದಿಲ್ಲ. (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಅದು; ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಅದು ಏರುತ್ತದೆ.) ನನ್ನ ಅನುಮಾನವೆಲ್ಲ ಬೆಳಗಿನ ಕಾಫಿ ಲೋಟದ ಮೇಲೆ.

ಕಡಿಮೆಯಾದ ಥೈರಾಕ್ಸಿನ್ ಹಾರ್ಮೋನನ್ನು ತುಂಬಿಕೊಡುವ ಲೆವೊಥೈರಾಕ್ಸಿನ್ ಮಾತ್ರೆಯ ಲೆಕ್ಕವಿರುವುದು ಮೈಕ್ರೋಗ್ರಾಂಗಳಲ್ಲಿ: 25, 50, 75, 100. ಅಷ್ಟು ಚಿಕ್ಕ ಪ್ರಮಾಣ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಅದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಬೆನ್ನಿಗೇ ಕಾಫಿ ಕುಡಿದರೆ ಇನ್ನಷ್ಟು ಕಡಿಮೆ. ಅದಕ್ಕೇ ವೈದ್ಯರು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ ಎನ್ನುವುದು.

ಹೇಳುವುದು ಸುಲಭ. ಈ ಕಾಯಿಲೆ ಹೆಚ್ಚಾಗಿ ಕಾಡುವುದು ಹೆಂಗಸರನ್ನು. ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸುವವಳು, ಎಲ್ಲರಿಗೂ ಕಾಫಿ ಬೆರೆಸಿ ಕೊಡುವವಳು, ತಾನು ಮಾತ್ರ ಒಂದು ಗಂಟೆ ಬಾಯಿ ಕಟ್ಟಿ ಕೂರಬೇಕು! ಎಷ್ಟು ದಿನ ನಡೆದೀತು? ಒಂದು ದಿನ ಹತ್ತು ನಿಮಿಷ, ಇನ್ನೊಂದು ದಿನ ಮುಕ್ಕಾಲು ಗಂಟೆ, ಹಬ್ಬದ ದಿನ ಮಾತ್ರೆಯೇ ಮರೆತುಹೋಗುತ್ತದೆ. ರಿಪೋರ್ಟ್ ಏರಿಳಿಯದೆ ಇನ್ನೇನಾದೀತು? ಬೆಳಗ್ಗೆ ಆಗದು ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಅದು ಒಪ್ಪಿತ ಕ್ರಮವೇ. ಆದರೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಡೋಸ್ ಮಾತ್ರ 50ರಿಂದ 75ಕ್ಕೆ ಹೋಗುತ್ತದೆ.

ಇನ್ನು ನಮ್ಮ ಅವಸರ. ಈ ಔಷಧ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಾದ ಮೇಲೆ ಟಿಎಸ್‌ಎಚ್ ಒಂದು ನೆಲೆಗೆ ಬರಲು ಸುಮಾರು ಆರು ವಾರ. ಹದಿನೈದು ದಿನಕ್ಕೇ ರಕ್ತ ಕೊಟ್ಟು, ಬಂದ ಅಂಕಿ ನೋಡಿ ಗಾಬರಿಯಾಗಿ, ತಾವೇ ಅರ್ಧ ಮಾತ್ರೆ ಹೆಚ್ಚಿಸಿಕೊಳ್ಳುವವರಿದ್ದಾರೆ. ಥೈರಾಕ್ಸಿನ್ ಸ್ವಲ್ಪ ಕದಲಿದರೂ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನು ಹಲವು ಪಟ್ಟು ಏರಿಸುತ್ತದೆ, ಇಳಿಸುತ್ತದೆ. ಅಲ್ಲದೆ ಟಿಎಸ್‌ಎಚ್ ರಾತ್ರಿ ಹೆಚ್ಚು, ಮಧ್ಯಾಹ್ನ ಕಡಿಮೆ. ಒಮ್ಮೆ ಬೆಳಗ್ಗೆ ಏಳಕ್ಕೆ, ಇನ್ನೊಮ್ಮೆ ಊಟದ ನಂತರ ರಕ್ತ ಕೊಟ್ಟು ಎರಡನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ. ಅದೇ ಲ್ಯಾಬ್, ಅದೇ ಹೊತ್ತು, ಮತ್ತು ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ.

ಪರೀಕ್ಷೆಯ ಹಿಂದಿನ ವಾರ ಮಾತ್ರ ಶ್ರದ್ಧೆಯಿಂದ ಮಾತ್ರೆ ನುಂಗುವವರ ಗುಟ್ಟು ರಿಪೋರ್ಟಿನಲ್ಲೇ ಬಯಲಾಗುವುದುಂಟು. ಟಿ4, ಅಂದರೆ ರಕ್ತದಲ್ಲಿನ ಥೈರಾಕ್ಸಿನ್, ಚೆನ್ನಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಮೇಲೆಯೇ ಇರುತ್ತದೆ. ವೈದ್ಯರ ಮುಂದೆ ನಿಜ ಹೇಳಿದರೆ ಬೇಡದ ಡೋಸ್ ತಪ್ಪುತ್ತದೆ. ಹೆಚ್ಚಾದ ಥೈರಾಕ್ಸಿನ್ ಎದೆಬಡಿತವನ್ನು ಕೆಡಿಸುತ್ತದೆ, ವಯಸ್ಸಾದವರ ಮೂಳೆಯನ್ನು ಸವೆಸುತ್ತದೆ.

ಕಾಯಬಾರದ ಸಂದರ್ಭವೂ ಒಂದಿದೆ: ಗರ್ಭ ನಿಂತಾಗ. ಮೊದಲ ವಾರಗಳಲ್ಲೇ ಥೈರಾಕ್ಸಿನ್ ಬೇಡಿಕೆ ಏರುತ್ತದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು. ಆಗಲೇ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳೂ ಮನೆಗೆ ಬರುತ್ತವೆ, ಮೂರನ್ನೂ ಒಟ್ಟಿಗೆ ನುಂಗಿಸುವ ಅತ್ತೆಯಂದಿರೂ ಇದ್ದಾರೆ. ಅವೆರಡೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿರಲಿ. ಥೈರಾಯ್ಡ್ ಮಾತ್ರೆ ಬೆಳಗ್ಗೆಯಾದರೆ ಇವು ಮಧ್ಯಾಹ್ನ ಒಂದು, ರಾತ್ರಿ ಒಂದು.